ಲಿಟ್ಲ್ ರಾಕ್ ಸೆಂಟ್ರಲ್ ಹೈಸ್ಕೂಲ್: ಒಂಬತ್ತು ಮಕ್ಕಳಿಗಾಗಿ ಸೇನೆ ಬಂದಿಳಿದ ಶಾಲೆ

ಶಾಲೆಗಳು ಸಾಮಾನ್ಯವಾಗಿ ಇತಿಹಾಸವನ್ನು ಕಲಿಸುತ್ತವೆ. ತಾವೇ ಇತಿಹಾಸದ ಪಾಠವಾಗುವ ಶಾಲೆಗಳು ಬೆರಳೆಣಿಕೆಯಷ್ಟು. ಅಮೆರಿಕದ ದಕ್ಷಿಣ ಭಾಗದ ಅರ್ಕಾನ್ಸಾಸ್ ರಾಜ್ಯದ ರಾಜಧಾನಿ ಲಿಟ್ಲ್ ರಾಕ್ ನಗರದಲ್ಲಿರುವ ಸೆಂಟ್ರಲ್ ಹೈಸ್ಕೂಲ್ ಅಂತಹ ಒಂದು ಶಾಲೆ. 1957ರ ಸೆಪ್ಟೆಂಬರ್ ತಿಂಗಳಿನಲ್ಲಿ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳನ್ನು ಈ ಶಾಲೆಯ ಬಾಗಿಲಿನೊಳಗೆ ಸುರಕ್ಷಿತವಾಗಿ ಕರೆದೊಯ್ಯಲು ಆ ದೇಶದ ಅಧ್ಯಕ್ಷರು ಸೇನೆಯನ್ನೇ ಕಳುಹಿಸಬೇಕಾಯಿತು. ರಾಜ್ಯದ ಗವರ್ನರ್ ಒಂದು ಕಡೆ, ದೇಶದ ಅಧ್ಯಕ್ಷ ಇನ್ನೊಂದು ಕಡೆ, ನಡುವೆ ಪುಸ್ತಕಗಳನ್ನು ಎದೆಗವಚಿಕೊಂಡು ನಿಂತ ಒಂಬತ್ತು ಮಕ್ಕಳು. ಆ ಚಿತ್ರವನ್ನು ಇಡೀ ಜಗತ್ತು ನೋಡಿತು.

ಆದರೆ ಸೆಂಟ್ರಲ್ ಹೈಸ್ಕೂಲಿನ ಕಥೆ ಆ ಒಂದು ತಿಂಗಳಿಗೆ ಸೀಮಿತವಾದುದಲ್ಲ. ಆ ಕಟ್ಟಡ ಯಾರಿಗಾಗಿ, ಯಾರ ಹಣದಿಂದ, ಎಷ್ಟು ಅದ್ಧೂರಿಯಾಗಿ ನಿರ್ಮಾಣವಾಯಿತು, ಅದರ ಪಕ್ಕದಲ್ಲಿಯೇ ಇನ್ನೊಂದು ಶಾಲೆ ಯಾವ ಸ್ಥಿತಿಯಲ್ಲಿ ತಲೆಯೆತ್ತಿತು, ಗಲಭೆಯ ಮರುವರ್ಷ ಆ ಬಾಗಿಲುಗಳು ಏಕೆ ಮುಚ್ಚಿದವು, ಇಂದು ಆ ಶಾಲೆಯಲ್ಲಿ ಏನು ನಡೆಯುತ್ತಿದೆ ಎಂಬುದೆಲ್ಲವೂ ಅರಿಯಬೇಕಾದ ವಿಷಯಗಳೇ. ಸರ್ಕಾರಿ ಶಾಲೆ ಎಂದರೇನು, ಅದು ಯಾರ ಸ್ವತ್ತು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಈ ಶಾಲೆಯ ಚರಿತ್ರೆ ಒಂದು ಉತ್ತಮ ನಿದರ್ಶನ.

'ಪಬ್ಲಿಕ್ ಸ್ಕೂಲ್' ಎಂದರೆ ಯಾವುದು?

ಮೊದಲು ಒಂದು ಸ್ಪಷ್ಟನೆ ಅಗತ್ಯ. ನಮ್ಮಲ್ಲಿ 'ಪಬ್ಲಿಕ್ ಸ್ಕೂಲ್' ಎಂಬ ಫಲಕ ಕಂಡರೆ ದುಬಾರಿ ಶುಲ್ಕದ ಖಾಸಗಿ ಶಾಲೆ ಎಂದೇ ಜನ ತಿಳಿಯುತ್ತಾರೆ. ಅಮೆರಿಕದಲ್ಲಿ ಇದರ ಅರ್ಥ ತದ್ವಿರುದ್ಧ. ಅಲ್ಲಿ ಪಬ್ಲಿಕ್ ಸ್ಕೂಲ್ ಎಂದರೆ ಜನರ ತೆರಿಗೆಯ ಹಣದಲ್ಲಿ ನಡೆಯುವ, ಬೋಧನಾ ಶುಲ್ಕವಿಲ್ಲದ ಸಾರ್ವಜನಿಕ ಶಾಲೆ. ಸ್ಥಳೀಯರ ಆಸ್ತಿ ತೆರಿಗೆ ಇದರ ಆದಾಯದ ಪ್ರಮುಖ ಮೂಲಗಳಲ್ಲಿ ಒಂದು. ಪ್ರತಿಯೊಂದು ಪ್ರದೇಶಕ್ಕೂ ಒಂದು 'ಶಾಲಾ ಜಿಲ್ಲೆ' ಇರುತ್ತದೆ. ಅದರ ಆಡಳಿತಕ್ಕೆ ಸಾಮಾನ್ಯವಾಗಿ ಮತದಾರರೇ ಆರಿಸಿದ ಒಂದು ಶಾಲಾ ಮಂಡಳಿ, ಮಂಡಳಿಯ ಕೈಕೆಳಗೆ ಸೂಪರಿಂಟೆಂಡೆಂಟ್ ಎಂಬ ಮುಖ್ಯಾಧಿಕಾರಿ. ನಮ್ಮ ಶಾಲಾಭಿವೃದ್ಧಿ ಸಮಿತಿಗಳಿಗಿಂತ ಈ ಮಂಡಳಿಗಳಿಗೆ ಅಧಿಕಾರ ಬಹಳ ಹೆಚ್ಚು. ಶಿಕ್ಷಕರ ನೇಮಕ, ವಜಾ, ಹೊಸ ಕಟ್ಟಡ, ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಹೋಗಬೇಕು ಎಂಬ ತೀರ್ಮಾನ ಎಲ್ಲವೂ ಅವುಗಳ ಕೈಯಲ್ಲಿ. ಈ ವ್ಯವಸ್ಥೆಯನ್ನು ನೆನಪಿನಲ್ಲಿಟ್ಟುಕೊಂಡರೆ ಲಿಟ್ಲ್ ರಾಕ್‌ನಲ್ಲಿ ನಡೆದದ್ದು ಸುಲಭವಾಗಿ ಅರ್ಥವಾಗುತ್ತದೆ.

ಮರದ ಕಟ್ಟಡದಿಂದ ಮಹಲಿನವರೆಗೆ

ಸೆಂಟ್ರಲ್ ಹೈಸ್ಕೂಲ್ ತನ್ನ ಮೂಲವನ್ನು 1869ರಷ್ಟು ಹಿಂದಕ್ಕೆ ಗುರುತಿಸಿಕೊಳ್ಳುತ್ತದೆ. ಅಂತರ್ಯುದ್ಧ ಮುಗಿದು ನಾಲ್ಕು ವರ್ಷಗಳಾಗಿದ್ದ ಆ ಕಾಲದಲ್ಲಿ ಶರ್ಮನ್ ಶಾಲೆ ಎಂಬ ಹೆಸರಿನಲ್ಲಿ ಮರದ ಕಟ್ಟಡವೊಂದರಲ್ಲಿ ಪಾಠ ಆರಂಭವಾಯಿತು. ನಂತರದ ದಶಕಗಳಲ್ಲಿ ಶಾಲೆ ಹಲವು ಜಾಗಗಳನ್ನು, ಹಲವು ಹೆಸರುಗಳನ್ನು ಬದಲಿಸಿತು. 1905ರಲ್ಲಿ ಲಿಟ್ಲ್ ರಾಕ್ ಹೈಸ್ಕೂಲ್ ಎಂಬ ಹೆಸರಿನ ಹೊಸ ಕಟ್ಟಡ ಸಿದ್ಧವಾಯಿತು. ನಗರ ಬೆಳೆದಂತೆ ಅದೂ ಸಾಲದಾಯಿತು.

1920ರ ದಶಕದಲ್ಲಿ ನಗರವು ದೊಡ್ಡ ಸಾಹಸಕ್ಕೆ ಕೈಹಾಕಿತು. ಪಾರ್ಕ್ ಬೀದಿಯಲ್ಲಿ ಎರಡು ಬೀದಿಗಳ ಉದ್ದಕ್ಕೂ ಚಾಚಿಕೊಂಡ ಬೃಹತ್ ಶಾಲಾ ಕಟ್ಟಡವೊಂದು ಎದ್ದುನಿಂತು 1927ರಲ್ಲಿ ವಿದ್ಯಾರ್ಥಿಗಳಿಗೆ ತೆರೆದುಕೊಂಡಿತು. ಅದಕ್ಕೆ ತಗುಲಿದ ವೆಚ್ಚ 15 ಲಕ್ಷ ಡಾಲರ್. ಆ ದಿನಗಳಲ್ಲಿ ಒಂದು ಶಾಲೆಗೆ ಇದು ಕೇಳಿ ಬೆರಗಾಗುವಂತಹ ಮೊತ್ತ. ಅರ್ಕಾನ್ಸಾಸ್‌ನ ವಾಸ್ತುಶಿಲ್ಪಿಗಳ ತಂಡವೇ ಇದರ ಹಿಂದೆ ದುಡಿದಿತ್ತು. ರಾಜ್ಯದ ಶಾಸನಸಭೆಯ ಕಟ್ಟಡದ ವಿನ್ಯಾಸದಲ್ಲಿ ಕೆಲಸ ಮಾಡಿದ್ದ ಜಾರ್ಜ್ ಆರ್. ಮ್ಯಾನ್, ಜಾನ್ ಪಾರ್ಕ್ಸ್ ಅಲ್ಮಂಡ್, ವಿಟನ್‌ಬರ್ಗ್ ಮತ್ತು ಡೆಲೋನಿ ಜೋಡಿ ಈ ತಂಡದಲ್ಲಿದ್ದ ಪ್ರಮುಖರು.

ಕಟ್ಟಡದ ವಿವರಗಳು ಇಂದಿಗೂ ಅಚ್ಚರಿ ಹುಟ್ಟಿಸುತ್ತವೆ. ಗೋಥಿಕ್ ಶೈಲಿಯ ಪುನರುಜ್ಜೀವನಕ್ಕೆ ಆ ಕಾಲದ ಆರ್ಟ್ ಡೆಕೊ ಶೈಲಿಯನ್ನು ಬೆರೆಸಿದ ಇಟ್ಟಿಗೆ ಕಟ್ಟಡವಿದು. ಎತ್ತರ ಐದು ಅಂತಸ್ತು. ನೆಲದ ವಿಸ್ತೀರ್ಣ ಸುಮಾರು ಒಂದೂವರೆ ಲಕ್ಷ ಚದರ ಅಡಿ. ನಿರ್ಮಾಣಕ್ಕೆ ಬಳಸಿದ ಕಾಂಕ್ರೀಟ್ 3.6 ಕೋಟಿ ಪೌಂಡ್, ಅಂದರೆ ಸುಮಾರು 16 ಸಾವಿರ ಟನ್‌ಗೂ ಮಿಗಿಲು. ಉಕ್ಕು 370 ಟನ್. ಮೂರು ಸಾವಿರ ವಿದ್ಯಾರ್ಥಿಗಳು ಕೂಡಿ ಕಲಿಯಬಹುದಾದ ವ್ಯವಸ್ಥೆ. ಸಭಾಂಗಣದಲ್ಲಿ ಎರಡು ಸಾವಿರ ಆಸನಗಳು, 160 ಅಡಿ ಅಗಲ ಮತ್ತು 60 ಅಡಿ ಆಳದ ರಂಗಮಂಚ. ಮುಂಭಾಗದಲ್ಲಿ ಎರಡೂ ಬದಿಯಿಂದ ಏರಿ ಬರುವ ಮೆಟ್ಟಿಲುಗಳು, ಅವುಗಳ ಮುಂದೆ ಕಟ್ಟಡದ ಬಿಂಬ ಕಾಣುವ ಕೊಳ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯು ಇದನ್ನು ದೇಶದ ಅತ್ಯಂತ ಸುಂದರ ಹೈಸ್ಕೂಲ್ ಎಂದು ಕೊಂಡಾಡಿತು.

ಮುಖ್ಯ ದ್ವಾರದ ಮೇಲ್ಭಾಗದಲ್ಲಿ ಗ್ರೀಕ್ ದೇವತೆಗಳ ಮಾದರಿಯ ನಾಲ್ಕು ಪ್ರತಿಮೆಗಳಿವೆ. ಮಹತ್ವಾಕಾಂಕ್ಷೆ, ವ್ಯಕ್ತಿತ್ವ, ಅವಕಾಶ, ಸಿದ್ಧತೆ ಎಂಬುದು ಅವುಗಳ ಹೆಸರು. ಕೆಳಗೆ ನಡೆದು ಹೋಗುವ ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಈ ನಾಲ್ಕು ಗುಣಗಳು ಹರಸಲಿ ಎಂಬುದು ಕಟ್ಟಿದವರ ಆಶಯ. ಆದರೆ 'ಅವಕಾಶ'ದ ಪ್ರತಿಮೆಯ ಕೆಳಗೆ ಮೊದಲ ಮೂವತ್ತು ವರ್ಷ ಬಿಳಿಯ ಮಕ್ಕಳಿಗೆ ಮಾತ್ರ ಪ್ರವೇಶವಿತ್ತು.

ಪಕ್ಕದ ಶಾಲೆಯ ಲೆಕ್ಕ

ಅದೇ ನಗರದ ಕಪ್ಪು ಮಕ್ಕಳಿಗೆ ಏನಿತ್ತು? 1929ರಲ್ಲಿ ಅವರಿಗಾಗಿ ಒಂದು ಹೊಸ ಶಾಲೆ ಸಿದ್ಧವಾಯಿತು. ಕಪ್ಪು ಕವಿ ಪಾಲ್ ಲಾರೆನ್ಸ್ ಡನ್‌ಬಾರ್ ಅವರ ಹೆಸರನ್ನು ಅದಕ್ಕೆ ಇಡಲಾಯಿತು. ವಿಟನ್‌ಬರ್ಗ್ ಮತ್ತು ಡೆಲೋನಿ ಅವರೇ ಇದರ ವಿನ್ಯಾಸಕಾರರು. ದೂರದಿಂದ ನೋಡಿದರೆ ದೊಡ್ಡ ಶಾಲೆಯ ಕಿರಿಯ ತಂಗಿಯಂತೆ ಕಾಣುವ ಕಟ್ಟಡ. ವೆಚ್ಚ ಮಾತ್ರ ಸುಮಾರು ನಾಲ್ಕು ಲಕ್ಷ ಡಾಲರ್. ಅದರಲ್ಲಿಯೂ ಒಂದು ಭಾಗ ಷಿಕಾಗೊದ ವ್ಯಾಪಾರಿ ಜೂಲಿಯಸ್ ರೋಸನ್‌ವಾಲ್ಡ್ ಅವರ ನಿಧಿಯಿಂದ ಮತ್ತು ರಾಕ್‌ಫೆಲ್ಲರ್ ಕುಟುಂಬದ ನೆರವಿನ ಶಿಕ್ಷಣ ಮಂಡಳಿಯಿಂದ ಬಂದ ದಾನ. ಬಿಳಿಯ ಮಕ್ಕಳ ಶಾಲೆಗೆ ನಗರದ ಬೊಕ್ಕಸ ತೆರೆದುಕೊಂಡರೆ ಕಪ್ಪು ಮಕ್ಕಳ ಶಾಲೆಗೆ ದಾನಿಗಳ ಮುಂದೆ ಕೈಚಾಚಬೇಕಾಯಿತು.

ಆದರೂ ಡನ್‌ಬಾರ್ ಶಾಲೆ ಉತ್ತಮ ಶಿಕ್ಷಕರಿಂದಾಗಿ ಒಳ್ಳೆಯ ಹೆಸರು ಗಳಿಸಿತು. 'ಪ್ರತ್ಯೇಕ, ಆದರೆ ಸಮಾನ' ಎಂಬುದು ಅಂದಿನ ಕಾನೂನು. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಿದ್ದ ತತ್ವವದು. 15 ಲಕ್ಷ ಡಾಲರ್ ಮತ್ತು 4 ಲಕ್ಷ ಡಾಲರ್ ಎಂಬ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಆ 'ಸಮಾನತೆ'ಯ ಬೆಲೆ ತಿಳಿಯುತ್ತದೆ.

ತೀರ್ಪು ಬಂತು, ಜಾರಿ ಬರಲಿಲ್ಲ

1954ರ ಮೇ 17ರಂದು ಸುಪ್ರೀಂ ಕೋರ್ಟ್ 'ಬ್ರೌನ್' ಪ್ರಕರಣದಲ್ಲಿ ಸರ್ವಾನುಮತದ ತೀರ್ಪು ನೀಡಿತು. ಸಾರ್ವಜನಿಕ ಶಾಲೆಗಳಲ್ಲಿ ವರ್ಣದ ಆಧಾರದ ಮೇಲೆ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರ ಎಂದು ಸಾರಿತು. ಆದರೆ ಯಾವಾಗ, ಹೇಗೆ ಜಾರಿಯಾಗಬೇಕು ಎಂಬುದಕ್ಕೆ 1955ರಲ್ಲಿ ನೀಡಿದ ಎರಡನೆಯ ಆದೇಶದಲ್ಲಿ ಗಡುವು ಇರಲಿಲ್ಲ. ವಿವೇಚನೆಯಿಂದ, ಆದರೆ ತ್ವರಿತವಾಗಿ ಎಂಬರ್ಥದ ಮಾತಿತ್ತು, ಅಷ್ಟೆ. ವಿಳಂಬ ಬಯಸುವವರಿಗೆ ಅಷ್ಟು ಸಾಕಾಗಿತ್ತು.

ಲಿಟ್ಲ್ ರಾಕ್ ಶಾಲಾ ಮಂಡಳಿ ತೀರ್ಪನ್ನು ಒಪ್ಪುವುದಾಗಿ ಹೇಳಿತು. ಸೂಪರಿಂಟೆಂಡೆಂಟ್ ವರ್ಜಿಲ್ ಬ್ಲಾಸಮ್ ಹಂತಹಂತದ ಯೋಜನೆಯೊಂದನ್ನು ಸಿದ್ಧಪಡಿಸಿದರು. ಮೊದಲು 1957ರಲ್ಲಿ ಹೈಸ್ಕೂಲ್, ಆಮೇಲೆ ಕೆಳಗಿನ ತರಗತಿಗಳು ಎಂಬುದು ಅದರ ಕ್ರಮ. ಈ ನಡುವೆ ಎರಡು ಹೊಸ ಶಾಲೆಗಳು ಬಂದವು. 1956ರಲ್ಲಿ ಕಪ್ಪು ಮಕ್ಕಳಿಗೆ ಹೊರೇಸ್ ಮ್ಯಾನ್ ಹೈಸ್ಕೂಲ್, 1957ರಲ್ಲಿ ನಗರದ ಪಶ್ಚಿಮ ಭಾಗದ ಅನುಕೂಲಸ್ಥ ಬಿಳಿಯರ ಬಡಾವಣೆಗಳಿಗೆ ಹಾಲ್ ಹೈಸ್ಕೂಲ್. ಹಾಲ್ ಶಾಲೆ ಯೋಜನೆಯಲ್ಲಿದ್ದ ಕಾರಣ ಹಳೆಯ ಶಾಲೆಗೆ 1953ರಲ್ಲಿಯೇ 'ಸೆಂಟ್ರಲ್' ಎಂಬ ಹೊಸ ಹೆಸರು ಬಂದಿತ್ತು. ಹಣವಂತರ ಮಕ್ಕಳು ಹಾಲ್ ಶಾಲೆಗೆ ಹೋದರು. ಮಿಶ್ರ ಶಿಕ್ಷಣದ ಹೊರೆ ಶ್ರಮಿಕ ವರ್ಗದ ಬಿಳಿಯರ ಮಕ್ಕಳು ಹೆಚ್ಚಿದ್ದ ಸೆಂಟ್ರಲ್ ಶಾಲೆಯ ಮೇಲೆ ಬಿತ್ತು. ಅಲ್ಲಿ ಭುಗಿಲೆದ್ದ ಆಕ್ರೋಶಕ್ಕೆ ಈ ವರ್ಗಭೇದವೂ ಒಂದು ಕಾರಣವೆಂದು ಇತಿಹಾಸಕಾರರು ಗುರುತಿಸಿದ್ದಾರೆ.

ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಸಂಘಟನೆ ಎನ್‌ಎಎಸಿಪಿ ಬ್ಲಾಸಮ್ ಯೋಜನೆ ತೀರಾ ನಿಧಾನವೆಂದು 1956ರಲ್ಲಿ ನ್ಯಾಯಾಲಯದ ಮೊರೆ ಹೋಯಿತು. ನ್ಯಾಯಾಲಯ ಯೋಜನೆಯನ್ನೇ ಎತ್ತಿಹಿಡಿಯಿತು. ಆದರೆ ಇದರಿಂದ ಒಂದು ಲಾಭವಾಯಿತು: ಯೋಜನೆಯನ್ನು ಜಾರಿಗೊಳಿಸುವುದು ಈಗ ನ್ಯಾಯಾಲಯದ ಮೇಲ್ವಿಚಾರಣೆಗೆ ಒಳಪಟ್ಟಿತು. ಮಂಡಳಿ ಹಿಂದೆ ಸರಿಯುವಂತಿರಲಿಲ್ಲ.

ಆಯ್ಕೆಯಾದ ಕಪ್ಪು ವಿದ್ಯಾರ್ಥಿಗಳು 17 ಮಂದಿ. ಕೊನೆಗೆ ಉಳಿದವರು ಒಂಬತ್ತು ಮಂದಿ. ಅರ್ನೆಸ್ಟ್ ಗ್ರೀನ್, ಎಲಿಜಬೆತ್ ಎಕ್‌ಫರ್ಡ್, ಮಿನ್ನಿಜೀನ್ ಬ್ರೌನ್, ಮೆಲ್ಬಾ ಪಟಿಲ್ಲೊ, ಕಾರ್ಲೋಟಾ ವಾಲ್ಸ್, ಗ್ಲೋರಿಯಾ ರೇ, ಥೆಲ್ಮಾ ಮದರ್‌ಶೆಡ್, ಟೆರೆನ್ಸ್ ರಾಬರ್ಟ್ಸ್, ಜೆಫರ್ಸನ್ ಥಾಮಸ್. ಆರು ಹುಡುಗಿಯರು, ಮೂವರು ಹುಡುಗರು. ಎಲ್ಲರಿಗಿಂತ ಕಿರಿಯಳಾದ ಕಾರ್ಲೋಟಾಗೆ 14 ವರ್ಷ. ಕ್ರೀಡಾತಂಡ, ವಾದ್ಯವೃಂದ, ನಾಟಕ ಇತ್ಯಾದಿ ಯಾವುದರಲ್ಲಿಯೂ ಭಾಗವಹಿಸುವಂತಿಲ್ಲ ಎಂದು ಅವರಿಗೆ ಮೊದಲೇ ತಿಳಿಸಲಾಗಿತ್ತು. ಎರಡು ಸಾವಿರ ಆಸನಗಳ ಸಭಾಂಗಣ, ದೊಡ್ಡ ಕ್ರೀಡಾಂಗಣ ಎಲ್ಲವೂ ಇದ್ದ ಶಾಲೆಯಲ್ಲಿ ಅವರಿಗೆ ಸಿಕ್ಕಿದ್ದು ತರಗತಿಯ ಬೆಂಚು ಮಾತ್ರ.

ಒಂಟಿಯಾಗಿ ನಡೆದ ಹುಡುಗಿ

ಶಾಲೆ ಆರಂಭವಾಗುವ ಹಿಂದಿನ ದಿನ, 1957ರ ಸೆಪ್ಟೆಂಬರ್ 2ರಂದು, ಗವರ್ನರ್ ಆರ್ವಲ್ ಫಾಬಸ್ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯನ್ನು ಶಾಲೆಯ ಸುತ್ತ ನಿಲ್ಲಿಸಿದರು. ಶಾಂತಿ ಕಾಪಾಡಲು ಎಂಬುದು ಅವರು ನೀಡಿದ ಕಾರಣ. ಕಪ್ಪು ಮಕ್ಕಳನ್ನು ತಡೆಯುವುದೇ ಅದರ ಕೆಲಸ ಎಂಬುದು ಎರಡೇ ದಿನಗಳಲ್ಲಿ ಬಯಲಾಯಿತು.

ಸೆಪ್ಟೆಂಬರ್ 4ರಂದು ಮಕ್ಕಳೆಲ್ಲರೂ ಒಂದೆಡೆ ಸೇರಿ ಒಟ್ಟಾಗಿ ಹೋಗುವುದೆಂದು ಎನ್‌ಎಎಸಿಪಿ ರಾಜ್ಯ ಘಟಕದ ಅಧ್ಯಕ್ಷೆ ಡೇಸಿ ಬೇಟ್ಸ್ ಹಿಂದಿನ ರಾತ್ರಿ ಏರ್ಪಾಡು ಮಾಡಿದ್ದರು. ಎಲಿಜಬೆತ್ ಎಕ್‌ಫರ್ಡ್ ಮನೆಯಲ್ಲಿ ದೂರವಾಣಿ ಇರಲಿಲ್ಲ. ಹಾಗಾಗಿ ಸುದ್ದಿ ತಲುಪಲಿಲ್ಲ. ಹದಿನೈದು ವರ್ಷದ ಆ ಹುಡುಗಿ ಮೊದಲ ದಿನಕ್ಕೆಂದು ಮನೆಯಲ್ಲಿಯೇ ಹೊಲಿದ ಬಿಳಿಯ ಉಡುಪು ಧರಿಸಿ ಒಬ್ಬಳೇ ಬಸ್ಸಿನಲ್ಲಿ ಬಂದಿಳಿದಳು. ಬಿಳಿಯ ವಿದ್ಯಾರ್ಥಿಗಳಿಗೆ ದಾರಿ ಬಿಟ್ಟ ಸೈನಿಕರು ಅವಳ ಮುಂದೆ ಬಂದೂಕುಗಳನ್ನು ಅಡ್ಡಹಿಡಿದರು. ಹಿಂದೆ ಕೂಗಾಡುವ ಗುಂಪು. ಮುಂದೆ ಮುಚ್ಚಿದ ದಾರಿ. ಶಾಲೆಯ ಉದ್ದಕ್ಕೂ ನಡೆದು, ಪಾರ್ಕ್ ಬೀದಿಯ ತುದಿಯ ಬಸ್ ನಿಲ್ದಾಣದ ಬೆಂಚಿನ ಮೇಲೆ ಅವಳು ಕುಳಿತುಕೊಂಡಳು. ನ್ಯೂಯಾರ್ಕ್ ಟೈಮ್ಸ್ ವರದಿಗಾರ ಬೆಂಜಮಿನ್ ಫೈನ್ ಪಕ್ಕದಲ್ಲಿ ಕುಳಿತು ಸಂತೈಸಿದರು. ಗ್ರೇಸ್ ಲಾರ್ಚ್ ಎಂಬ ಬಿಳಿಯ ಮಹಿಳೆ ಅವಳ ಜೊತೆ ನಿಂತು ಬಸ್ಸು ಹತ್ತಿಸಿದರು. ಸ್ಥಳೀಯ ಪತ್ರಿಕೆಯ ಛಾಯಾಗ್ರಾಹಕ ವಿಲ್ ಕೌಂಟ್ಸ್ ತೆಗೆದ ಆ ದಿನದ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು.

ಫೆಡರಲ್ ನ್ಯಾಯಾಧೀಶ ರೊನಾಲ್ಡ್ ಡೇವಿಸ್ ಅವರ ಆದೇಶದಂತೆ ಸೆಪ್ಟೆಂಬರ್ 20ರಂದು ಗಾರ್ಡ್ ಪಡೆ ಹಿಂದೆ ಸರಿಯಿತು. 23ರಂದು ಪೊಲೀಸರ ನೆರವಿನಿಂದ ಒಂಬತ್ತು ಮಕ್ಕಳು ಪಕ್ಕದ ಬಾಗಿಲಿನಿಂದ ಒಳಹೊಕ್ಕರು. ಹೊರಗೆ ಸುಮಾರು ಸಾವಿರ ಜನರ ಗುಂಪು. ಆ ಗುಂಪು ಕಪ್ಪು ಪತ್ರಕರ್ತರ ಮೇಲೆ ಎರಗಿತು, ಎಲ್. ಅಲೆಕ್ಸ್ ವಿಲ್ಸನ್ ಎಂಬ ಸಂಪಾದಕರನ್ನು ಥಳಿಸಿತು. ಪರಿಸ್ಥಿತಿ ಕೈಮೀರುವಂತಾದಾಗ ಮಧ್ಯಾಹ್ನದ ವೇಳೆಗೆ ಮಕ್ಕಳನ್ನು ಹೊರಗೆ ಸಾಗಿಸಬೇಕಾಯಿತು. ನಗರದ ಮೇಯರ್ ವುಡ್ರೊ ಮ್ಯಾನ್ ಅಧ್ಯಕ್ಷರಿಗೆ ತಂತಿ ಕಳುಹಿಸಿ ಸೇನೆಯ ನೆರವು ಕೋರಿದರು.

ಸೆಪ್ಟೆಂಬರ್ 24ರಂದು ಅಧ್ಯಕ್ಷ ಡ್ವೈಟ್ ಐಸೆನ್‌ಹೋವರ್ ಆದೇಶ ಹೊರಡಿಸಿದರು. ಎರಡನೆಯ ಮಹಾಯುದ್ಧದಲ್ಲಿ ನಾರ್ಮಂಡಿಯಲ್ಲಿ ಇಳಿದಿದ್ದ 101ನೇ ಏರ್‌ಬೋರ್ನ್ ಡಿವಿಜನ್‌ನ ಸಾವಿರಕ್ಕೂ ಹೆಚ್ಚು ಯೋಧರು ಲಿಟ್ಲ್ ರಾಕ್‌ಗೆ ಬಂದಿಳಿದರು. ರಾಜ್ಯದ ಗಾರ್ಡ್ ಪಡೆಯ ಹತ್ತು ಸಾವಿರ ಮಂದಿ ಫೆಡರಲ್ ಸರ್ಕಾರದ ಅಧೀನಕ್ಕೆ ಬಂದರು. ಗವರ್ನರ್ ಕೈಯಲ್ಲಿದ್ದ ಅಸ್ತ್ರವನ್ನೇ ಅಧ್ಯಕ್ಷರು ಕಸಿದುಕೊಂಡಂತಾಯಿತು. ಮರುದಿನ ಬೆಳಗ್ಗೆ ಸೈನಿಕರ ಕಾವಲಿನಲ್ಲಿ ಒಂಬತ್ತು ಮಕ್ಕಳು ಮುಖ್ಯ ದ್ವಾರದ ಮೆಟ್ಟಿಲುಗಳನ್ನು ಏರಿದರು.

ಬಾಗಿಲಿನ ಒಳಗೆ

ಕ್ಯಾಮೆರಾಗಳು ಮೆಟ್ಟಿಲ ಬಳಿಯೇ ನಿಂತವು. ನಿಜವಾದ ಪರೀಕ್ಷೆ ಒಳಗಿತ್ತು. ಪ್ರತಿ ವಿದ್ಯಾರ್ಥಿಗೂ ಕಾವಲಿಗೆ ಸೈನಿಕನಿದ್ದರೂ ಆತ ತರಗತಿ, ಶೌಚಾಲಯ, ವ್ಯಾಯಾಮಶಾಲೆಯ ಬಟ್ಟೆ ಬದಲಿಸುವ ಕೋಣೆಗಳ ಒಳಗೆ ಹೋಗುವಂತಿರಲಿಲ್ಲ. ಕಿರುಕುಳ ನಡೆದದ್ದು ಅಲ್ಲಿಯೇ. ತಳ್ಳುವುದು, ಒದೆಯುವುದು, ಉಗುಳುವುದು, ಪುಸ್ತಕಗಳನ್ನು ಕಸಿದು ಹಾಳು ಮಾಡುವುದು ದಿನನಿತ್ಯದ ಮಾತಾಯಿತು. ನವೆಂಬರ್ ಕೊನೆಗೆ 101ನೇ ಡಿವಿಜನ್ ಮರಳಿದ ಮೇಲೆ ಕಾವಲು ಇನ್ನಷ್ಟು ಸಡಿಲವಾಯಿತು.

ಮಿನ್ನಿಜೀನ್ ಬ್ರೌನ್ ಡಿಸೆಂಬರ್‌ನಲ್ಲಿ ಊಟದ ಕೋಣೆಯಲ್ಲಿ ತನ್ನನ್ನು ಕಾಡಿದ ಹುಡುಗರ ಮೇಲೆ ತಟ್ಟೆಯಲ್ಲಿದ್ದುದನ್ನು ಸುರಿದು ಅಮಾನತಿಗೆ ಒಳಗಾದಳು. 1958ರ ಫೆಬ್ರವರಿಯಲ್ಲಿ ಅವಳನ್ನು ಶಾಲೆಯಿಂದಲೇ ಹೊರಹಾಕಲಾಯಿತು. ಉಳಿದ ಎಂಟು ಮಂದಿ ವರ್ಷ ಪೂರೈಸಿದರು. ಹಿರಿಯ ತರಗತಿಯಲ್ಲಿದ್ದ ಅರ್ನೆಸ್ಟ್ ಗ್ರೀನ್ ಮೇ ತಿಂಗಳಿನಲ್ಲಿ ಕ್ವಿಗ್ಲಿ ಕ್ರೀಡಾಂಗಣದಲ್ಲಿ ಪದವಿಪತ್ರ ಸ್ವೀಕರಿಸಿ ಸೆಂಟ್ರಲ್ ಹೈಸ್ಕೂಲಿನಿಂದ ತೇರ್ಗಡೆಯಾದ ಮೊದಲ ಕಪ್ಪು ವಿದ್ಯಾರ್ಥಿ ಎನಿಸಿದನು. ಆರು ನೂರಕ್ಕೂ ಹೆಚ್ಚು ಸಹಪಾಠಿಗಳ ನಡುವೆ ಆತನೊಬ್ಬನೇ. ಪ್ರೇಕ್ಷಕರ ನಡುವೆ ಆತನ ಕುಟುಂಬದವರ ಜೊತೆ ಕುಳಿತಿದ್ದವರು ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್.

ಹುಡುಗಿಯರ ಉಸ್ತುವಾರಿ ಹೊತ್ತಿದ್ದ ಉಪಪ್ರಾಂಶುಪಾಲೆ ಎಲಿಜಬೆತ್ ಹಕಬಿ ಆ ವರ್ಷದ ಅನುಭವವನ್ನು 1980ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅಂದು ಗಲಭೆಯನ್ನು ನಿರ್ಭೀತಿಯಿಂದ ವರದಿ ಮಾಡಿದ ಸ್ಥಳೀಯ ದಿನಪತ್ರಿಕೆ ಅರ್ಕಾನ್ಸಾಸ್ ಗೆಜೆಟ್‌ಗೆ 1958ರಲ್ಲಿ ಎರಡು ಪುಲಿಟ್ಜರ್ ಪ್ರಶಸ್ತಿಗಳು ಸಂದವು. ಒಂದು ಪತ್ರಿಕೆಗೆ, ಇನ್ನೊಂದು ಅದರ ಸಂಪಾದಕ ಹ್ಯಾರಿ ಆಶ್‌ಮೋರ್ ಅವರಿಗೆ. ಡೇಸಿ ಬೇಟ್ಸ್ ದಂಪತಿ ನಡೆಸುತ್ತಿದ್ದ ವಾರಪತ್ರಿಕೆಗೆ ಅಂತಹ ಭಾಗ್ಯವಿರಲಿಲ್ಲ. ಜಾಹೀರಾತುಗಳು ನಿಂತು 1959ರಲ್ಲಿ ಅದು ಮುಚ್ಚಿಹೋಯಿತು.

ಬೀಗ ಬಿದ್ದ ವರ್ಷ

ಹೆಚ್ಚಿನವರಿಗೆ ತಿಳಿಯದ ಅಧ್ಯಾಯ ಇದರ ನಂತರದ್ದು. ಶಾಲೆಯಲ್ಲಿ ಕಲಿಕೆಯ ವಾತಾವರಣ ಕೆಟ್ಟಿದೆ, ಮಿಶ್ರ ಶಿಕ್ಷಣವನ್ನು ಮುಂದೂಡಬೇಕು ಎಂದು ಶಾಲಾ ಮಂಡಳಿಯೇ ನ್ಯಾಯಾಲಯಕ್ಕೆ ಹೋಯಿತು. 1958ರ ಸೆಪ್ಟೆಂಬರ್ 12ರಂದು ಸುಪ್ರೀಂ ಕೋರ್ಟ್ 'ಕೂಪರ್ ವಿರುದ್ಧ ಆರನ್' ಪ್ರಕರಣದಲ್ಲಿ ಈ ಕೋರಿಕೆಯನ್ನು ತಿರಸ್ಕರಿಸಿತು. ಹಿಂಸೆಯ ಬೆದರಿಕೆಗೆ ಮಣಿದು ಮಕ್ಕಳ ಸಾಂವಿಧಾನಿಕ ಹಕ್ಕನ್ನು ಮುಂದೂಡಲಾಗದು, ಸಂವಿಧಾನದ ಬಗ್ಗೆ ಸುಪ್ರೀಂ ಕೋರ್ಟ್ ನೀಡಿದ ವ್ಯಾಖ್ಯಾನಕ್ಕೆ ರಾಜ್ಯಗಳೂ ಬದ್ಧ ಎಂಬುದು ಅದರ ಸಾರ. ಒಂಬತ್ತೂ ನ್ಯಾಯಮೂರ್ತಿಗಳು ಆ ತೀರ್ಪಿಗೆ ತಮ್ಮ ಹೆಸರು ಹಾಕಿದ್ದು ಅಪರೂಪದ ಸಂಗತಿ. ನ್ಯಾಯಾಲಯ ಮತ್ತು ರಾಜ್ಯಗಳ ನಡುವಿನ ಸಂಬಂಧದ ಚರ್ಚೆಯಲ್ಲಿ ಇಂದಿಗೂ ಈ ತೀರ್ಪು ಉಲ್ಲೇಖವಾಗುತ್ತದೆ.

ಫಾಬಸ್ ಮಣಿಯಲಿಲ್ಲ. ಶಾಸನಸಭೆ ನೀಡಿದ್ದ ಹೊಸ ಅಧಿಕಾರ ಬಳಸಿ ನಗರದ ನಾಲ್ಕೂ ಹೈಸ್ಕೂಲುಗಳನ್ನು ಮುಚ್ಚಿಸಿದರು. ಸೆಪ್ಟೆಂಬರ್ 27ರಂದು ಮತದಾನ ನಡೆಯಿತು. ಮಿಶ್ರ ಶಿಕ್ಷಣದ ವಿರುದ್ಧ 19,470 ಮತಗಳು, ಪರವಾಗಿ 7,561 ಮತಗಳು. ಶಾಲೆಗಳು 1958-59ರ ಇಡೀ ವರ್ಷ ಬೀಗ ಹಾಕಿಕೊಂಡೇ ಇದ್ದವು. ಊರಿನವರು ಇದನ್ನು 'ಕಳೆದುಹೋದ ವರ್ಷ' ಎಂದು ಕರೆಯುತ್ತಾರೆ.

ತರಗತಿಯಿಲ್ಲದಂತಾದ ವಿದ್ಯಾರ್ಥಿಗಳ ಸಂಖ್ಯೆ 3,665. ಬಿಳಿಯ ಮಕ್ಕಳಲ್ಲಿ ಬಹುಪಾಲು ಮಂದಿ ಖಾಸಗಿ ಶಾಲೆಗಳನ್ನೋ ಬೇರೆ ಊರುಗಳನ್ನೋ ಕಂಡುಕೊಂಡರು. ಕಪ್ಪು ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಯಾವ ಶಾಲೆಯೂ ಸಿಗಲಿಲ್ಲ. ಶಿಕ್ಷಕರು ಮಾತ್ರ ಒಪ್ಪಂದದಂತೆ ದಿನವೂ ಬಂದು ಖಾಲಿ ಕೋಣೆಗಳಲ್ಲಿ ಕುಳಿತು ಹೋಗುತ್ತಿದ್ದರು. ವಿಚಿತ್ರವೆಂದರೆ ಪಾಠ ನಿಂತರೂ ಫುಟ್‌ಬಾಲ್ ನಿಲ್ಲಲಿಲ್ಲ; ಮುಚ್ಚಿದ ಶಾಲೆಯ ತಂಡ ಪಂದ್ಯಗಳನ್ನು ಆಡುತ್ತಲೇ ಇತ್ತು.

ಬೀಗ ತೆರೆಸುವ ಯತ್ನಕ್ಕೆ ಮುಂದಾದವರು ನಗರದ ಮಹಿಳೆಯರು. ಅಡಾಲ್ಫೀನ್ ಫ್ಲೆಚರ್ ಟೆರಿ ಎಂಬ ಹಿರಿಯ ಗೃಹಿಣಿಯ ಮನೆಯಲ್ಲಿ 1958ರ ಸೆಪ್ಟೆಂಬರ್‌ನಲ್ಲಿ ಹುಟ್ಟಿಕೊಂಡ ಮಹಿಳಾ ಸಮಿತಿ ಮನೆಮನೆಗೆ ತೆರಳಿ ಶಾಲೆ ತೆರೆಯಬೇಕೆಂದು ಪ್ರಚಾರ ಮಾಡಿತು. 1959ರ ಮೇ 5ರಂದು ಮಂಡಳಿಯ ಪ್ರತ್ಯೇಕತಾವಾದಿ ಸದಸ್ಯರು 44 ಶಿಕ್ಷಕರು ಮತ್ತು ಸಿಬ್ಬಂದಿಯನ್ನು ತೆಗೆದುಹಾಕಲು ಮುಂದಾದಾಗ ಊರು ತಿರುಗಿಬಿತ್ತು. ತಮ್ಮ ಮಕ್ಕಳಿಗೆ ಕಲಿಸಿದ ಮೇಷ್ಟರನ್ನು ಮುಟ್ಟಿದ್ದು ಅನೇಕರಿಗೆ ಸಹನೆಯಾಗಲಿಲ್ಲ. ಅದೇ ತಿಂಗಳ 25ರಂದು ನಡೆದ ಚುನಾವಣೆಯಲ್ಲಿ ಮತದಾರರು ಆ ಮೂವರನ್ನು ಮಂಡಳಿಯಿಂದ ಹಿಂದಕ್ಕೆ ಕರೆಸಿಕೊಂಡರು. ಆಗಸ್ಟ್ 12ರಂದು ಶಾಲೆಗಳು ಮತ್ತೆ ತೆರೆದವು. ಎಂಟು ತಿಂಗಳ ಹಿಂದೆ ಮುಚ್ಚಲು ಮತ ಹಾಕಿದ್ದ ನಗರವೇ ತೆರೆಯಲು ಮತ ಹಾಕಿತು ಎಂಬುದು ಗಮನಾರ್ಹ.

ಮೂಲ ಒಂಬತ್ತು ಮಂದಿಯ ಪೈಕಿ ಕಾರ್ಲೋಟಾ ವಾಲ್ಸ್ ಮತ್ತು ಜೆಫರ್ಸನ್ ಥಾಮಸ್ 1960ರಲ್ಲಿ ಸೆಂಟ್ರಲ್ ಶಾಲೆಯಿಂದಲೇ ತೇರ್ಗಡೆಯಾದರು. ಆ ವರ್ಷದ ಫೆಬ್ರವರಿಯಲ್ಲಿ ಕಾರ್ಲೋಟಾಳ ಮನೆಯ ಮೇಲೆ ಬಾಂಬ್ ದಾಳಿ ನಡೆದಿತ್ತು. ಮರುದಿನವೂ ಅವಳು ಶಾಲೆಗೆ ಹೋದಳು. ನಗರದ ಎಲ್ಲ ತರಗತಿಗಳಲ್ಲಿ ಎರಡೂ ವರ್ಣದ ಮಕ್ಕಳು ಒಟ್ಟಿಗೆ ಕೂರಲು 1970ರ ದಶಕದ ಆರಂಭದವರೆಗೂ ಕಾಯಬೇಕಾಯಿತು.

ಶಾಲೆಯೂ ಹೌದು, ಸ್ಮಾರಕವೂ ಹೌದು

ಇಂದು ಸೆಂಟ್ರಲ್ ಹೈಸ್ಕೂಲ್ 9ರಿಂದ 12ನೇ ತರಗತಿಯವರೆಗಿನ ಸಾರ್ವಜನಿಕ ಶಾಲೆ. ಕಾಲೇಜು ಮಟ್ಟದ ಪಠ್ಯವನ್ನು ಹೈಸ್ಕೂಲಿನಲ್ಲಿಯೇ ಕಲಿಸುವ 'ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್' ತರಗತಿಗಳಿಗೆ ಹೆಸರಾಗಿದೆ. 1930ರ ದಶಕದ ಕ್ವಿಗ್ಲಿ ಕ್ರೀಡಾಂಗಣ ಈಗಲೂ ಬಳಕೆಯಲ್ಲಿದೆ. ಗ್ರಂಥಾಲಯಕ್ಕೆ 1957ರಲ್ಲಿ ಪ್ರಾಂಶುಪಾಲರಾಗಿದ್ದ ಜೆಸ್ ಮ್ಯಾಥ್ಯೂಸ್ ಅವರ ಹೆಸರಿದೆ. ಸಭಾಂಗಣಕ್ಕೆ ರೂಸ್‌ವೆಲ್ಟ್ ಥಾಂಪ್ಸನ್ ಹೆಸರು. ಈ ಕಪ್ಪು ವಿದ್ಯಾರ್ಥಿ 1980ರಲ್ಲಿ ಇಲ್ಲಿಂದ ತೇರ್ಗಡೆಯಾಗಿ ಯೇಲ್ ವಿಶ್ವವಿದ್ಯಾಲಯ ಸೇರಿ ರೋಡ್ಸ್ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾಗಿದ್ದರು. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಕಪ್ಪು ಮಕ್ಕಳಿಗೆ ನಾಟಕ, ಸಂಗೀತ ನಿಷಿದ್ಧವಾಗಿದ್ದ ಶಾಲೆಯ ರಂಗಮಂಚ ಇಂದು ಕಪ್ಪು ವಿದ್ಯಾರ್ಥಿಯೊಬ್ಬರ ಹೆಸರು ಹೊತ್ತಿದೆ.

1982ರಲ್ಲಿ ಕಟ್ಟಡವನ್ನು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತೆಂದು ಘೋಷಿಸಲಾಯಿತು. 1997ರ ಸೆಪ್ಟೆಂಬರ್‌ನಲ್ಲಿ, ನಲವತ್ತನೆಯ ವರ್ಷದ ಸ್ಮರಣೆಯಂದು, ಅರ್ಕಾನ್ಸಾಸ್‌ನವರೇ ಆದ ಅಧ್ಯಕ್ಷ ಬಿಲ್ ಕ್ಲಿಂಟನ್ ಮತ್ತು ಅಂದಿನ ಗವರ್ನರ್ ಮೈಕ್ ಹಕಬಿ ಆ ಒಂಬತ್ತು ಮಂದಿಗೆ ಮುಖ್ಯ ದ್ವಾರದ ಬಾಗಿಲನ್ನು ತಾವೇ ತೆರೆದು ಹಿಡಿದರು. 1998ರ ನವೆಂಬರ್‌ನಲ್ಲಿ ಶಾಲೆ ಮತ್ತು ಸುತ್ತಲಿನ ಪ್ರದೇಶ ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. 1999ರಲ್ಲಿ ಒಂಬತ್ತು ಮಂದಿಗೂ ಅಮೆರಿಕ ಸಂಸತ್ತಿನ ಚಿನ್ನದ ಪದಕ ಪ್ರದಾನವಾಯಿತು.

ಆರಂಭದ ಸಂದರ್ಶಕ ಕೇಂದ್ರವಿದ್ದುದು ಎದುರಿನ ಹಳೆಯ ಪೆಟ್ರೋಲ್ ಬಂಕ್‌ನಲ್ಲಿ. 1957ರಲ್ಲಿ ಪತ್ರಕರ್ತರು ಸುದ್ದಿ ಕಳುಹಿಸಲು ದೂರವಾಣಿಗಾಗಿ ಓಡುತ್ತಿದ್ದ ಜಾಗವದು. 2007ರ ಸೆಪ್ಟೆಂಬರ್‌ನಲ್ಲಿ ಹೊಸ ಕೇಂದ್ರ ತೆರೆಯಿತು. ಪಾಠಗಳು ನಡೆಯುತ್ತಿರುವುದರಿಂದ ಪ್ರವಾಸಿಗರು ಮನಬಂದಂತೆ ಶಾಲೆಯ ಒಳಗೆ ಹೋಗುವಂತಿಲ್ಲ. ಮುಂಚಿತವಾಗಿ ಕಾದಿರಿಸಿ, ರಾಷ್ಟ್ರೀಯ ಉದ್ಯಾನ ಇಲಾಖೆಯ ಸಿಬ್ಬಂದಿಯ ಜೊತೆಯಲ್ಲಿಯೇ ಹೋಗಬೇಕು. ಎಲಿಜಬೆತ್ ಕುಳಿತಿದ್ದ ಬಸ್ ನಿಲ್ದಾಣದ ಬೆಂಚಿನ ಪ್ರತಿಕೃತಿಯೊಂದನ್ನು 2018ರಲ್ಲಿ ಅದೇ ಬೀದಿಯಲ್ಲಿ ಇರಿಸಲಾಗಿದೆ. ಶಾಲೆಯ ವಿದ್ಯಾರ್ಥಿಗಳೂ ಆ ಕಾರ್ಯದಲ್ಲಿ ಕೈಜೋಡಿಸಿದ್ದರು. ಮನೆಯ ಹಿರಿಯರನ್ನು ಮಾತನಾಡಿಸಿ ಅವರ ನೆನಪುಗಳನ್ನು ಬರೆದಿಡುವ ಯೋಜನೆಯನ್ನೂ ಈ ಶಾಲೆಯ ಮಕ್ಕಳು ನಡೆಸಿಕೊಂಡು ಬಂದಿದ್ದಾರೆ.

ಮುಗಿಯದ ಪ್ರಶ್ನೆಗಳು

ಹಾಗೆಂದು ಎಲ್ಲವೂ ಸುಖಾಂತವೆಂದು ಭಾವಿಸಬೇಕಾಗಿಲ್ಲ. ಐವತ್ತನೆಯ ವರ್ಷದಲ್ಲಿ, ಅಂದರೆ 2007ರಲ್ಲಿ ಪ್ರಸಾರವಾದ ಸಾಕ್ಷ್ಯಚಿತ್ರವೊಂದು ಅಸಹಜವೆನಿಸುವ ಸತ್ಯವನ್ನು ತೆರೆದಿಟ್ಟಿತು. ಒಂದೇ ಕಟ್ಟಡದೊಳಗೆ ಉನ್ನತ ಮಟ್ಟದ ತರಗತಿಗಳಲ್ಲಿ ಬಿಳಿಯ ಮಕ್ಕಳು, ಸಾಮಾನ್ಯ ತರಗತಿಗಳಲ್ಲಿ ಕಪ್ಪು ಮಕ್ಕಳು ಹೆಚ್ಚಾಗಿ ಕಾಣುತ್ತಿದ್ದರು. ಹೊರಬಾಗಿಲು ತೆರೆದ ಮೇಲೂ ಒಳಬಾಗಿಲುಗಳು ಉಳಿದಿದ್ದವು.

2015ರ ಜನವರಿಯಲ್ಲಿ ನಗರದ ಕೆಲವು ಶಾಲೆಗಳ ಕಳಪೆ ಫಲಿತಾಂಶದ ಕಾರಣ ನೀಡಿ ರಾಜ್ಯ ಸರ್ಕಾರ ಚುನಾಯಿತ ಶಾಲಾ ಮಂಡಳಿಯನ್ನು ವಿಸರ್ಜಿಸಿತು. 2019ರಲ್ಲಿ, ಉತ್ತಮ ಫಲಿತಾಂಶದ ಶಾಲೆಗಳನ್ನಷ್ಟೇ ಸ್ಥಳೀಯರ ಕೈಗೆ ಮರಳಿಸುವ ಪ್ರಸ್ತಾಪ ಬಂದಾಗ ಇದು ಹೊಸ ರೂಪದ ಪ್ರತ್ಯೇಕತೆ ಎಂದು ಜನ ಸೆಂಟ್ರಲ್ ಶಾಲೆಯ ಎದುರು ಸೇರಿ ಪ್ರತಿಭಟಿಸಿದರು. ಆ ಪ್ರಸ್ತಾಪ ಕೈಬಿಡಲಾಯಿತು. 2020ರ ನವೆಂಬರ್‌ನಲ್ಲಿ ಮತ್ತೆ ಮಂಡಳಿಗೆ ಚುನಾವಣೆ ನಡೆಯಿತು.

2023ರ ಆಗಸ್ಟ್‌ನಲ್ಲಿ ಮತ್ತೊಂದು ವಿವಾದ ಎದುರಾಯಿತು. ಕಪ್ಪು ಜನಾಂಗದ ಇತಿಹಾಸ, ಸಂಸ್ಕೃತಿಯನ್ನು ಕುರಿತ ಹೊಸ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಪಠ್ಯಕ್ಕೆ ರಾಜ್ಯದ ಶಿಕ್ಷಣ ಇಲಾಖೆ ಮಾನ್ಯತೆ ನಿರಾಕರಿಸಿತು. ಅದನ್ನು ಬೋಧಿಸಲು ಸಿದ್ಧವಾಗಿದ್ದ ಕೆಲವೇ ಶಾಲೆಗಳಲ್ಲಿ ಸೆಂಟ್ರಲ್ ಕೂಡ ಒಂದು. ಶಾಲೆ ಪಾಠವನ್ನು ನಿಲ್ಲಿಸಲಿಲ್ಲ. 1957ರಲ್ಲಿ ಯಾರು ತರಗತಿಯಲ್ಲಿ ಕೂರಬಹುದು ಎಂಬ ಜಗಳ ನಡೆದ ಕಟ್ಟಡದಲ್ಲಿಯೇ, ಆ ತರಗತಿಯಲ್ಲಿ ಏನನ್ನು ಕಲಿಸಬಹುದು ಎಂಬ ಜಗಳ ಅರವತ್ತಾರು ವರ್ಷಗಳ ನಂತರ ನಡೆಯಿತು.

ಒಂಬತ್ತು ಮಂದಿಯಲ್ಲಿ ಜೆಫರ್ಸನ್ ಥಾಮಸ್ 2010ರಲ್ಲಿಯೂ ಥೆಲ್ಮಾ ಮದರ್‌ಶೆಡ್ 2024ರಲ್ಲಿಯೂ ತೀರಿಕೊಂಡರು. ಡೇಸಿ ಬೇಟ್ಸ್ 1999ರಲ್ಲಿ ನಿಧನರಾದರು. ಶಾಲೆಯ ಪಕ್ಕದ ರಸ್ತೆ ಈಗ ಅವರ ಹೆಸರಿನಲ್ಲಿದೆ. 2024ರ ಮೇ ತಿಂಗಳಿನಲ್ಲಿ ವಾಷಿಂಗ್ಟನ್‌ನ ಸಂಸತ್ ಭವನದಲ್ಲಿ ಅರ್ಕಾನ್ಸಾಸ್ ರಾಜ್ಯದ ಪರವಾಗಿ ಅವರ ಪ್ರತಿಮೆಯನ್ನು ಸ್ಥಾಪಿಸಲಾಯಿತು. ಒಂದು ಕಾಲಕ್ಕೆ ಜಾಹೀರಾತು ನಿಲ್ಲಿಸಿ ಅವರ ಪತ್ರಿಕೆಯನ್ನು ಮುಚ್ಚಿಸಿದ ರಾಜ್ಯವೇ ಇಂದು ತನ್ನ ಪ್ರತಿನಿಧಿಯಾಗಿ ಅವರನ್ನು ಆರಿಸಿಕೊಂಡಿದೆ.

ಶಾಲೆಯೊಂದರ ಸೌಲಭ್ಯಗಳ ಪಟ್ಟಿ ಬರೆಯುವಾಗ ನಾವು ಕೊಠಡಿಗಳನ್ನು, ಗ್ರಂಥಾಲಯವನ್ನು, ಆಟದ ಮೈದಾನವನ್ನು ಎಣಿಸುತ್ತೇವೆ. ಸೆಂಟ್ರಲ್ ಹೈಸ್ಕೂಲಿನಲ್ಲಿ 1927ರಲ್ಲಿಯೇ ಇವೆಲ್ಲವೂ ಇದ್ದವು. ಇರದಿದ್ದುದು ಒಂದೇ, ಊರಿನ ಎಲ್ಲ ಮಕ್ಕಳಿಗೂ ತೆರೆದ ಬಾಗಿಲು. ಅದನ್ನು ಪಡೆಯಲು ಮೂವತ್ತು ವರ್ಷ, ಸುಪ್ರೀಂ ಕೋರ್ಟಿನ ತೀರ್ಪುಗಳು, ಸಾವಿರ ಸೈನಿಕರು ಮತ್ತು ಒಂಬತ್ತು ಮಕ್ಕಳ ಧೈರ್ಯ ಬೇಕಾಯಿತು. ಅದನ್ನು ಉಳಿಸಿಕೊಳ್ಳಲು ಕೊನೆಗೆ ಬೇಕಾದದ್ದು ಊರಿನವರ ಮತ.